ಒಂದ್ಸಲ ಲಾಗೌಟ್ ಆಗಿ ಬಾ

ಓಪನ್ ಸೋರ್ಸ್ ಅಂದ ತಕ್ಷಣ ನಮ್ಮ ಕ್ಯಾಂಪಸ್‌ನಲ್ಲಿ ಎರಡೇ ವಿಷಯ ಮಾತಿಗೆ ಬರುತ್ತವೆ. ಒಂದು ಜಿಸಾಕ್, ಅಂದರೆ ಗೂಗಲ್ ಸಮ್ಮರ್ ಆಫ್ ಕೋಡ್. 2005ರಿಂದ ನಡೀತಾ ಇರೋ ಈ ಪ್ರೋಗ್ರಾಮಿಗೆ ಪ್ರತಿ ವರ್ಷ ಸೀನಿಯರ್‌ಗಳಲ್ಲಿ ಯಾರಾದರೂ ಅಪ್ಲೈ ಮಾಡ್ತಾರೆ, ಪ್ರಪೋಸಲ್ ಬರೆಯೋಕೆ ಅಂತ ಎರಡು ವಾರ ರೂಮಿಂದ ಆಚೆ ಬರಲ್ಲ. ಇನ್ನೊಂದು ಗಿಟ್‌ಹಬ್ ಪ್ರೊಫೈಲಿನ ಹಸಿರು ಚೌಕಗಳು. ಚೌಕ ಎಷ್ಟು ದಟ್ಟವಾಗಿದೆಯೋ ಪ್ಲೇಸ್‌ಮೆಂಟ್ ಅಷ್ಟು ಗಟ್ಟಿ ಅನ್ನೋದು ಹಾಸ್ಟೆಲಿನ ನಂಬಿಕೆ.

ನಾವು ಇಲ್ಲಿ ಹೇಳೋಕೆ ಹೊರಟಿರೋದು ಇವೆರಡಕ್ಕಿಂತ ತುಂಬಾ ಚಿಕ್ಕ ಕೆಲಸದ ಬಗ್ಗೆ. ಒಂದು ಪ್ರಾಜೆಕ್ಟಿನ ಡಾಕ್ಯುಮೆಂಟೇಶನ್ ಓದುವಾಗ ಎಲ್ಲಿ ಮುಗ್ಗರಿಸಿದೆವೋ ಅಲ್ಲಿ ಒಂದು ವಾಕ್ಯ ಸೇರಿಸೋದು. ಕೋಡ್ ಒಂದು ಅಕ್ಷರವೂ ಮುಟ್ಟಲ್ಲ. ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಸಿಕ್ಕ ಮೊದಲ ಪ್ರತಿಕ್ರಿಯೆ, "ಅದೂ ಒಂದು ಕಾಂಟ್ರಿಬ್ಯೂಷನ್ನಾ ಗುರೂ?" ಪ್ರಶ್ನೆ ತಪ್ಪೇನಲ್ಲ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಈ ಲೇಖನ.

ಮೊದಲು ನಾವು ಯಾರು ಅಂತ ಹೇಳಿಬಿಡ್ತೀವಿ. ಸೆಕೆಂಡ್ ಇಯರ್, ಹಾಸ್ಟೆಲಿನ ಒಂದೇ ಫ್ಲೋರ್, ನಾಲ್ಕು ಜನ. ಮೂವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಕನ್ನಡ ಓದೋದು ಹತ್ತನೇ ಕ್ಲಾಸಿಗೇ ನಿಲ್ಲಿಸಿದವರು. ನಾಲ್ಕನೆಯವನು ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ, ಆಮೇಲೆ ಡಿಪ್ಲೊಮಾ ಮುಗಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ಮೂರನೇ ಸೆಮಿಸ್ಟರಿಗೆ ಬಂದವನು. ಸೋಲ್ಡರಿಂಗ್ ಐರನ್ ಹಿಡಿದರೆ ನಮ್ಮ ಮೂವರಿಗಿಂತ ಅವನೇ ವಾಸಿ. ಆದರೆ ಇಂಗ್ಲಿಷಿನ ಉದ್ದುದ್ದ ಪುಟ ಕಂಡರೆ ಸುಮ್ಮನಾಗಿಬಿಡ್ತಾನೆ.

ಮಿನಿ ಪ್ರಾಜೆಕ್ಟಿಗೆ ನಾವು ಆರಿಸಿಕೊಂಡದ್ದು ಮಣ್ಣಿನ ತೇವ ಅಳೆಯೋ ಒಂದು ಸೆಟಪ್. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಆರ್ಡುಯಿನೋ ಕ್ಲೋನ್ ಬೋರ್ಡು, ಒಂದು ಸೆನ್ಸರ್, ಯುಎಸ್‌ಬಿ ಕೇಬಲ್ಲು. ಬೋರ್ಡು ಕಳಿಸೋ ರೀಡಿಂಗ್‌ಗಳನ್ನು ಲ್ಯಾಪ್‌ಟಾಪಿನಲ್ಲಿ ಓದಿ ಗ್ರಾಫ್ ಹಾಕೋಕೆ ಒಂದು ಪುಟ್ಟ ಪೈಥಾನ್ ಲೈಬ್ರರಿ. ಅದರ ಹೆಸರು ಇಲ್ಲಿ ಬೇಡ, ಯಾಕಂದರೆ ಕಥೆ ಅದೊಂದರದ್ದೇ ಅಲ್ಲ. ನಮ್ಮ ಮೂವರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಅಲ್ಲಿ ಎಲ್ಲ ಸಲೀಸಾಗಿ ನಡೀತು. ಅವನದ್ದು ನಾಲ್ಕು ಜಿಬಿ ರ‍್ಯಾಮಿನ ಸೆಕೆಂಡ್ ಹ್ಯಾಂಡ್ ಮಷೀನು, ಅದಕ್ಕೆ ಉಬುಂಟು ಹಾಕಿಕೊಂಡಿದ್ದ. ಅಲ್ಲಿ ಮಾತ್ರ ಪೋರ್ಟ್ ಓಪನ್ ಮಾಡೋಕೆ ಹೋದಾಗೆಲ್ಲ ಒಂದೇ ಉತ್ತರ: ಪರ್ಮಿಷನ್ ಡಿನೈಡ್.

ಲೈಬ್ರರಿಯ ಡಾಕ್ಯುಮೆಂಟೇಶನ್‌ನಲ್ಲಿ ಇದರ ಬಗ್ಗೆ ಒಂದು ಸಾಲು ಇತ್ತು. ಲಿನಕ್ಸ್‌ನಲ್ಲಿ ಈ ಎರರ್ ಬಂದರೆ ನಿಮ್ಮ ಯೂಸರನ್ನು ‘ಡಯಲ್‌ಔಟ್’ ಗ್ರೂಪಿಗೆ ಸೇರಿಸಿ ಅಂತ, ಕೆಳಗೆ ಅದಕ್ಕೆ ಬೇಕಾದ ಕಮಾಂಡ್. ಅವನು ಕಮಾಂಡ್ ಹಾಕಿದ. ಎರರ್ ಬರಲಿಲ್ಲ. ಪ್ರೋಗ್ರಾಮ್ ಓಡಿಸಿದ. ಮತ್ತೆ ಪರ್ಮಿಷನ್ ಡಿನೈಡ್. ಟರ್ಮಿನಲ್ ಮುಚ್ಚಿ ಹೊಸದು ತೆಗೆದ. ಅದೇ. ಕೇಬಲ್ ಬದಲಿಸಿದ. ಅದೇ. ಸಂಜೆ ಆರಕ್ಕೆ ಕೂತವನು ಊಟಕ್ಕೂ ಬರಲಿಲ್ಲ. ಹತ್ತು ಗಂಟೆಗೆ ನಾವು ಹೋಗಿ ನೋಡಿದಾಗ ಅವನು ಹೇಳಿದ ಮಾತು: "ಬಿಡ್ರಪ್ಪಾ, ನೀವೇ ಮಾಡಿ. ಈ ಸಾಫ್ಟ್‌ವೇರ್ ಎಲ್ಲ ನನಗೆ ಆಗಿಬರಲ್ಲ. ನಾನು ವೈರಿಂಗ್ ನೋಡ್ಕೋತೀನಿ."

ಅಷ್ಟರಲ್ಲಿ ಕರೆಂಟ್ ಹೋಯ್ತು. ಅವನ ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷಾನೂ ನಿಲ್ಲಲ್ಲ, ಅದೂ ಆಫ್. ಕರೆಂಟ್ ಬಂದಮೇಲೆ ಆನ್ ಮಾಡಿ, ಕೊನೇದಾಗಿ ಒಂದ್ಸಲ ನೋಡೋಣ ಅಂತ ಪ್ರೋಗ್ರಾಮ್ ಓಡಿಸಿದರೆ ರೀಡಿಂಗ್‌ಗಳು ಸಾಲಾಗಿ ಬರ್ತಾ ಇವೆ! ಏನೂ ಬದಲಿಸಿರಲಿಲ್ಲ. "ನಾನೇ ಏನೋ ತಪ್ಪು ಮಾಡಿದ್ದೆ ಅನ್ಸುತ್ತೆ" ಅಂದ ಅವನು.

ಅವನು ಯಾವ ತಪ್ಪನ್ನೂ ಮಾಡಿರಲಿಲ್ಲ. ನಮಗೆ ಅದು ಗೊತ್ತಾಗೋಕೆ ಮಾತ್ರ ಎರಡು ದಿನ ಬೇಕಾಯ್ತು.

ವಿಷಯ ಇಷ್ಟು. ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟ್ ಕೂಡ ಒಂದು ಫೈಲಿನ ಹಾಗೆ ಕಾಣುತ್ತೆ, ಅದಕ್ಕೊಬ್ಬ ಓನರ್, ಒಂದು ಗ್ರೂಪ್. ಉಬುಂಟು ಮತ್ತು ಡೆಬಿಯನ್‌ನಲ್ಲಿ ಆ ಗ್ರೂಪಿನ ಹೆಸರು ಡಯಲ್‌ಔಟ್. ಟೆಲಿಫೋನ್ ಲೈನಿಗೆ ಮೋಡೆಮ್ ಹಾಕಿ ಡಯಲ್ ಮಾಡ್ತಿದ್ದ ಕಾಲದ ಹೆಸರು, ಹಾಗೇ ಉಳಿದುಬಿಟ್ಟಿದೆ. ನೀವು ಆ ಗ್ರೂಪಿನಲ್ಲಿದ್ದರೆ ಪೋರ್ಟ್ ತೆಗೆಯಬಹುದು. ಆದರೆ ನೀವು ಯಾವ ಯಾವ ಗ್ರೂಪಿನಲ್ಲಿದ್ದೀರಿ ಅನ್ನೋ ಪಟ್ಟಿಯನ್ನು ಸಿಸ್ಟಮ್ ಓದೋದು ಲಾಗಿನ್ ಆಗುವಾಗ. ಆಮೇಲೆ ಶುರುವಾಗೋ ಪ್ರತಿಯೊಂದು ಪ್ರೋಸೆಸ್ಸೂ ಆ ಪಟ್ಟಿಯನ್ನು ತನ್ನ ಪೇರೆಂಟ್ ಪ್ರೋಸೆಸ್‌ನಿಂದ ಪಡೆಯುತ್ತೆ. ಮಧ್ಯದಲ್ಲಿ ಯೂಸರನ್ನು ಹೊಸ ಗ್ರೂಪಿಗೆ ಸೇರಿಸಿದರೆ ಫೈಲಿನಲ್ಲಿ ಹೆಸರು ಸೇರಿಕೊಳ್ಳುತ್ತೆ, ಓಡ್ತಾ ಇರೋ ಪ್ರೋಸೆಸ್‌ಗಳಿಗೆ ಅದು ಗೊತ್ತೇ ಆಗಲ್ಲ. ಹೊಸ ಟರ್ಮಿನಲ್ ತೆಗೆದರೂ ಪ್ರಯೋಜನ ಇಲ್ಲ, ಯಾಕಂದರೆ ಅದೂ ಹಳೇ ಸೆಷನ್ನಿನ ಮಗುವೇ. ಲಾಗೌಟ್ ಆಗಿ ಮತ್ತೆ ಬರಬೇಕು. ಕರೆಂಟ್ ಹೋಗಿದ್ದು ಆ ಕೆಲಸವನ್ನೇ ಮಾಡಿಸಿತ್ತು.

ಇದನ್ನು ಸುಮ್ಮನೆ ನಂಬಿಬಿಡಲಿಲ್ಲ. ಅವನ ಲ್ಯಾಪ್‌ಟಾಪಿನಲ್ಲೇ ಹೊಸ ಯೂಸರ್ ಅಕೌಂಟ್ ಮಾಡಿದೆವು. ಗ್ರೂಪಿಗೆ ಸೇರಿಸಿ, ಲಾಗೌಟ್ ಆಗದೇ ‘ಐಡಿ’ ಅನ್ನೋ ಕಮಾಂಡ್ ಹಾಕಿದರೆ ಪಟ್ಟಿಯಲ್ಲಿ ಡಯಲ್‌ಔಟ್ ಇಲ್ಲ. ಲಾಗೌಟ್ ಆಗಿ ಬಂದು ಹಾಕಿದರೆ ಇದೆ. ಮೂರು ಸಲ ಮಾಡಿ ನೋಡಿದೆವು, ಮೂರು ಸಲವೂ ಹಾಗೇ. ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಫೋರ್ಕ್ ಮಾಡಿದರೆ ಚೈಲ್ಡ್ ಪ್ರೋಸೆಸ್ ಪೇರೆಂಟಿನಿಂದ ಏನೇನು ಪಡೆಯುತ್ತೆ ಅಂತ ಪಟ್ಟಿ ಬರೆಸ್ತಾರಲ್ಲ, ಅದರ ಅರ್ಥ ನಮಗೆ ಆಗಿದ್ದು ಅವತ್ತು.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಇದಕ್ಕೆ ಬೇರೆ ಬೇರೆ ಪರಿಹಾರಗಳೂ ಸಿಗುತ್ತವೆ. ಪೋರ್ಟಿನ ಪರ್ಮಿಷನ್ನನ್ನೇ ಎಲ್ಲರಿಗೂ ತೆರೆದುಬಿಡಿ ಅಂತ ಒಬ್ಬರು. ಕೇಬಲ್ ತೆಗೆದು ಮತ್ತೆ ಹಾಕಿದರೆ ಅದು ಹೋಗಿಬಿಡುತ್ತೆ, ಯಾಕಂದರೆ ಆ ಡಿವೈಸ್ ಫೈಲ್ ಪ್ರತಿ ಸಲ ಹೊಸದಾಗಿ ಹುಟ್ಟುತ್ತೆ. ಸೂಡೋ ಹಾಕಿ ಓಡಿಸಿ ಅಂತ ಇನ್ನೊಬ್ಬರು. ಆಗ ನಮ್ಮ ಯೂಸರಿಗೆ ಮಾತ್ರ ಇನ್‌ಸ್ಟಾಲ್ ಮಾಡಿಕೊಂಡ ಲೈಬ್ರರಿ ರೂಟ್‌ಗೆ ಕಾಣಲ್ಲ, ಬೇರೆ ಎರರ್ ಶುರು. ಸರಿಯಾದ ದಾರಿ ಡಾಕ್ಯುಮೆಂಟೇಶನ್‌ನಲ್ಲೇ ಇತ್ತು, ಕೊನೆಯ ಮೆಟ್ಟಿಲು ಮಾತ್ರ ಇರಲಿಲ್ಲ.

ಯಾಕೆ ಇರಲಿಲ್ಲ? ಬರೆದವರು ಅಸಡ್ಡೆ ಮಾಡಿದರು ಅಂತ ನಮಗೆ ಅನ್ನಿಸಲ್ಲ. ಹತ್ತು ವರ್ಷ ಲಿನಕ್ಸ್ ಬಳಸಿದವರಿಗೆ ಗ್ರೂಪಿಗೆ ಸೇರಿಸಿದ ಮೇಲೆ ಲಾಗೌಟ್ ಆಗೋದು ಚಪ್ಪಲಿ ಬಿಟ್ಟು ಒಳಗೆ ಬರೋ ಹಾಗೆ. ಅದನ್ನು ಹೇಳಬೇಕು ಅಂತಾನೇ ಹೊಳೆಯಲ್ಲ. ಆ ತೂತು ಕಾಣೋದು ಅದರಲ್ಲಿ ಕಾಲು ಸಿಕ್ಕಿಹಾಕಿಕೊಂಡವನಿಗೆ. ಅವನಿಗೂ ಕೆಲವೇ ದಿನ. ಒಂದು ವಾರ ಕಳೆದ ಮೇಲೆ ಅವನಿಗೂ ಅದು ಅಭ್ಯಾಸ ಆಗಿ, ಗೊತ್ತಿರಲಿಲ್ಲ ಅನ್ನೋದೇ ಮರೆತುಹೋಗುತ್ತೆ. ಹೊಸಬರಾಗಿರೋದು ನಮಗೆಲ್ಲ ನಾಚಿಕೆಯ ವಿಷಯ ಅನ್ಸುತ್ತೆ. ಈ ಒಂದು ಕೆಲಸಕ್ಕೆ ಅದೇ ಕ್ವಾಲಿಫಿಕೇಷನ್, ಅದೂ ಎಕ್ಸ್‌ಪೈರಿ ಡೇಟ್ ಇರೋ ಕ್ವಾಲಿಫಿಕೇಷನ್.

ಹಾಗಾಗಿ ತಡ ಮಾಡದೇ ಬರೆಯೋಕೆ ಕೂತೆವು. ಇಂಗ್ಲಿಷ್ ಮೀಡಿಯಂನ ಮೂವರು ಸೇರಿದರೆ ಎಂಥ ವಾಕ್ಯ ಬರುತ್ತೆ ಅಂತ ನಿಮಗೂ ಗೊತ್ತು. ‘ಇಟ್ ಈಸ್ ಟು ಬಿ ನೋಟೆಡ್ ದಟ್’ ಅಂತ ಶುರು, ಮಧ್ಯದಲ್ಲಿ ಒಂದು ‘ಅಫೋರ್‌ಮೆನ್ಷನ್ಡ್’, ಕೊನೆಗೆ ‘ಟೇಕ್ ಎಫೆಕ್ಟ್’. ಲ್ಯಾಬ್ ರೆಕಾರ್ಡ್ ಬರೆದೂ ಬರೆದೂ ಬಂದ ಭಾಷೆ. ಅವನಿಗೆ ಓದಿಸಿದೆವು. "ಟೇಕ್ ಎಫೆಕ್ಟ್ ಅಂದ್ರೆ ಆಟೋಮ್ಯಾಟಿಕ್ ಆಗಿ ಆಗುತ್ತೆ ಅಂತಾನಾ, ನಾವು ಏನಾದ್ರೂ ಮಾಡ್ಬೇಕು ಅಂತಾನಾ?" ಅಂತ ಕೇಳಿದ. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. "ಹಾಗಾದ್ರೆ ನಿನಗೆ ಅವತ್ತು ಯಾರಾದ್ರೂ ಏನು ಹೇಳಿದ್ರೆ ಸಾಕಿತ್ತು?" ಅಂದ್ವಿ. ಅವನು ಒಂದು ಕ್ಷಣವೂ ಯೋಚನೆ ಮಾಡದೇ ಹೇಳಿದ: "ಒಂದ್ಸಲ ಲಾಗೌಟ್ ಆಗಿ ಬಾ. ಅಷ್ಟೇ."

ಅದನ್ನೇ ಇಂಗ್ಲಿಷಿಗೆ ತಂದೆವು. ಕಮಾಂಡ್ ಹಾಕಿದ ಮೇಲೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ, ಹೊಸ ಟರ್ಮಿನಲ್ ತೆಗೆದರೆ ಸಾಲದು. ಎರಡು ಚಿಕ್ಕ ವಾಕ್ಯ. ಗೂಗಲ್‌ನವರು ಡೆವಲಪರ್‌ಗಳಿಗೆ ಅಂತ ಮಾಡಿರೋ ಸ್ಟೈಲ್ ಗೈಡಿನಲ್ಲಿ ಜಗತ್ತಿನ ಎಲ್ಲ ಕಡೆಯ ಓದುಗರಿಗಾಗಿ ಬರೆಯಿರಿ ಅನ್ನೋ ಭಾಗವೇ ಇದೆ: ಚಿಕ್ಕ ವಾಕ್ಯ, ನೇರ ಕ್ರಿಯಾಪದ, ನುಡಿಗಟ್ಟು ಬೇಡ. ಅದನ್ನು ನಾವು ಓದಿದ್ದು ಆಮೇಲೆ. ಈ ಡಾಕ್ಯುಮೆಂಟೇಶನ್ ಓದೋವರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ಮನೆಮಾತಲ್ಲ. ಅಂಥ ಒಬ್ಬ ಓದುಗ ನಮ್ಮ ಪಕ್ಕದ ಮಂಚದಲ್ಲೇ ಇದ್ದ, ಅದು ನಮ್ಮ ಅದೃಷ್ಟ.

ಕಳಿಸೋ ವಿಧಾನ ಬಹಳ ಜನ ಅಂದುಕೊಂಡಷ್ಟು ಕಷ್ಟ ಇಲ್ಲ. ರೆಪಾಸಿಟರಿ ಫೋರ್ಕ್ ಮಾಡಿ, ಒಂದು ಬ್ರಾಂಚ್ ತೆಗೆದು, ಡಾಕ್ಸ್ ಫೋಲ್ಡರಿನಲ್ಲಿರೋ ಟೆಕ್ಸ್ಟ್ ಫೈಲ್ ತಿದ್ದಿ, ಪುಲ್ ರಿಕ್ವೆಸ್ಟ್ ಕಳಿಸೋದು. ಗಿಟ್‌ಹಬ್‌ನಲ್ಲಾದರೆ ಬ್ರೌಸರಿನಲ್ಲೇ ಪೆನ್ಸಿಲ್ ಗುರುತು ಒತ್ತಿ ಇಷ್ಟೂ ಮಾಡಬಹುದು. ಜೊತೆಗೆ ನಾಲ್ಕು ಸಾಲಿನ ವಿವರಣೆ: ಯಾವ ಸಿಸ್ಟಮ್, ಏನಾಯ್ತು, ಹೊಸ ಯೂಸರ್ ಮಾಡಿ ಹೇಗೆ ಖಚಿತ ಮಾಡಿಕೊಂಡೆವು.

ಐದು ದಿನ ಸದ್ದಿಲ್ಲ. ಆರನೇ ದಿನ ಮೇಂಟೇನರ್ ಉತ್ತರಿಸಿದರು. ಥ್ಯಾಂಕ್ಸ್ ಹೇಳಿ, ಎಲ್ಲ ಲಿನಕ್ಸ್‌ಗಳಲ್ಲೂ ಗ್ರೂಪಿನ ಹೆಸರು ಇದೇನಾ ಅಂತ ಕೇಳಿದ್ದರು. ಆ ಹೆಸರು ಮೊದಲಿಂದ ಅಲ್ಲೇ ಇದ್ದದ್ದು, ನಾವು ಬರೆದದ್ದಲ್ಲ. ಆದರೂ ಪ್ರಶ್ನೆ ನ್ಯಾಯವಾಗಿತ್ತು. ಮೇಲಿನ ಫ್ಲೋರಿನಲ್ಲಿ ಆರ್ಚ್ ಲಿನಕ್ಸ್ ಬಳಸೋ ಒಬ್ಬ ಸೀನಿಯರ್ ಇದ್ದಾರೆ. ಆರ್ಚ್ ಬಳಸ್ತೀನಿ ಅಂತ ಹೇಳೋಕೆ ಅವಕಾಶ ಸಿಕ್ಕಿದ್ದಕ್ಕೆ ಅವರಿಗೂ ಖುಷಿ. ಬೋರ್ಡು ಸಿಕ್ಕಿಸಿ ನೋಡಿದರೆ ಅಲ್ಲಿ ಗ್ರೂಪಿನ ಹೆಸರು ‘ಯುಯುಸಿಪಿ’! ಎರಡು ಯೂನಿಕ್ಸ್ ಮಷೀನುಗಳು ಫೋನ್ ಲೈನಿನ ಮೇಲೆ ಫೈಲ್ ಕಳಿಸಿಕೊಳ್ತಿದ್ದ ಹಳೇ ವ್ಯವಸ್ಥೆಯ ಹೆಸರು ಅದು. ಹಾಗಾಗಿ, ಪೋರ್ಟಿನ ಮೇಲೆ ‘ಎಲ್‌ಎಸ್ ಮೈನಸ್ ಎಲ್’ ಹಾಕಿದರೆ ನಿಮ್ಮ ಗ್ರೂಪಿನ ಹೆಸರು ಕಾಣುತ್ತೆ ಅನ್ನೋ ಸಾಲನ್ನೂ ಸೇರಿಸಿದೆವು.

ನಮಗೆ ಇನ್ನೂ ಒಂದು ಎಚ್ಚರಿಕೆ ಸೇರಿಸೋ ಆಸೆ ಇತ್ತು. ಗ್ರೂಪಿಗೆ ಸೇರಿಸೋ ‘ಯೂಸರ್‌ಮಾಡ್’ ಕಮಾಂಡಿನಲ್ಲಿ ಒಂದು ಚಿಕ್ಕ ‘ಎ’ ಇರುತ್ತೆ. ಅದನ್ನು ಬಿಟ್ಟು ಟೈಪ್ ಮಾಡಿದರೆ ಹೊಸ ಗ್ರೂಪಿಗೆ ಸೇರಿಸುತ್ತೆ, ಉಳಿದ ಹೆಚ್ಚುವರಿ ಗ್ರೂಪುಗಳಿಂದೆಲ್ಲ ತೆಗೆದುಹಾಕುತ್ತೆ. ಸೂಡೋ ಗ್ರೂಪಿನಿಂದಲೂ! ಅಂದರೆ ನಿಮ್ಮದೇ ಮಷೀನಿನಲ್ಲಿ ನೀವು ಅಡ್ಮಿನ್ ಅಲ್ಲದ ಹಾಗೆ. ಮೇಂಟೇನರ್ ಬೇಡ ಅಂದರು. ಕಮಾಂಡ್ ಸರಿಯಾಗಿಯೇ ಬರೆದಿದೆ, ಅದರ ವಿವರ ಅದರ ಮ್ಯಾನ್ ಪೇಜಿನಲ್ಲಿದೆ, ನಮ್ಮ ಪುಟ ಪೋರ್ಟ್ ತೆಗೆಯೋದಕ್ಕೆ ಸಂಬಂಧಿಸಿದ್ದು ಅಷ್ಟೇ, ಅನ್ನೋದು ಅವರ ವಾದ. ಲಾಗೌಟ್ ಆದರೂ ಆಗದಿದ್ದರೆ ರೀಸ್ಟಾರ್ಟ್ ಮಾಡಿ ಅನ್ನೋ ನಾಲ್ಕು ಪದ ಮಾತ್ರ ಅವರೇ ಸೂಚಿಸಿದರು. ಕೆಲವು ಸಿಸ್ಟಮ್‌ಗಳಲ್ಲಿ ಲಾಗೌಟ್ ಆದಮೇಲೂ ಹಿನ್ನೆಲೆಯಲ್ಲಿ ಹಳೇ ಸೆಷನ್ನಿನ ಪ್ರೋಸೆಸ್‌ಗಳು ಉಳಿದುಬಿಡುತ್ತವಂತೆ. ಯಾವುದನ್ನು ಹೇಳಬೇಕು ಅನ್ನೋದರಷ್ಟೇ ಯಾವುದನ್ನು ಹೇಳಬಾರದು ಅನ್ನೋದರ ಮೇಲೂ ಅವರು ಯೋಚನೆ ಮಾಡ್ತಿದ್ದರು. ಹನ್ನೊಂದನೇ ದಿನ ಮರ್ಜ್ ಆಯ್ತು. ನಾಲ್ಕು ಸಾಲು ಸೇರಿಸಿದ್ದು, ಒಂದು ಸಾಲು ತೆಗೆದದ್ದು.

ಈ ಹಳ್ಳ ಬರೀ ಚಿಕ್ಕ ಲೈಬ್ರರಿಗಳಲ್ಲಿ ಇರೋದಲ್ಲ. ಗಿಟ್‌ಹಬ್ 2017ರಲ್ಲಿ ಒಂದು ಓಪನ್ ಸೋರ್ಸ್ ಸಮೀಕ್ಷೆ ಮಾಡಿತು. ಉತ್ತರ ಕೊಟ್ಟವರಲ್ಲಿ ಶೇಕಡಾ 93 ಮಂದಿ, ಅರೆಬರೆ ಅಥವಾ ಗೊಂದಲದ ಡಾಕ್ಯುಮೆಂಟೇಶನ್ ತಾವು ಕಂಡಿರೋ ಸಮಸ್ಯೆ ಅಂದರು. ಅದೇ ಸಮೀಕ್ಷೆಯಲ್ಲಿ ಕಾಂಟ್ರಿಬ್ಯೂಟರ್‌ಗಳ ಪೈಕಿ ಶೇಕಡಾ 60 ಮಂದಿ, ಡಾಕ್ಯುಮೆಂಟೇಶನ್‌ಗೆ ತಾವು ಏನನ್ನಾದರೂ ಸೇರಿಸೋದು ಅಪರೂಪ ಅಥವಾ ಇಲ್ಲವೇ ಇಲ್ಲ ಅಂದರು. ಎಲ್ಲರಿಗೂ ಹಳ್ಳ ಕಾಣುತ್ತೆ, ಮಣ್ಣು ಹಾಕೋವರು ಕಮ್ಮಿ. ನಮ್ಮ ಹಾಸ್ಟೆಲ್ ರೋಡಿನ ಕಥೆಯೂ ಇದೇ.

ದೊಡ್ಡ ಪ್ರಾಜೆಕ್ಟುಗಳು ಇದನ್ನು ಎಷ್ಟು ಗಂಭೀರವಾಗಿ ತಗೊಳ್ತವೆ ಅಂತ ಆಮೇಲೆ ನೋಡಿದೆವು. ಪೈಥಾನ್‌ನ ಡಾಕ್ಯುಮೆಂಟೇಶನ್ ಇರೋದು ಅದರ ಸೋರ್ಸ್ ಕೋಡ್ ಇರೋ ರೆಪಾಸಿಟರಿಯಲ್ಲೇ, ‘ಡಾಕ್’ ಅನ್ನೋ ಫೋಲ್ಡರಿನಲ್ಲಿ. ಅಕ್ಷರ ತಪ್ಪಿನಂಥ ಸಣ್ಣ ತಿದ್ದುಪಡಿಗೆ ಮೊದಲು ಇಶ್ಯೂ ತೆರೆಯಬೇಕು ಅಂತಲೂ ಇಲ್ಲ. ಮರ್ಜ್ ಆದಮೇಲೆ ಆ ತಿದ್ದುಪಡಿಯನ್ನು ಹಳೇ ವರ್ಷನ್‌ಗಳಿಗೂ ತಗೊಂಡು ಹೋಗೋಕೆ ಒಂದು ಬಾಟ್ ಇದೆ, ಅದರ ಹೆಸರು ಮಿಸ್ ಇಸ್ಲಿಂಗ್ಟನ್. ಮಾಂಟಿ ಪೈಥಾನ್ ಸಿನಿಮಾದ ಒಂದು ಪಾತ್ರದ ಹೆಸರು. ಜ್ಯಾಂಗೋದವರು ಡಾಕ್ಯುಮೆಂಟೇಶನ್ನನ್ನು ನಾಲ್ಕು ಭಾಗ ಮಾಡಿಟ್ಟಿದ್ದಾರೆ: ಕೈ ಹಿಡಿದು ಕಲಿಸೋ ಟ್ಯುಟೋರಿಯಲ್, ವಿಷಯ ವಿವರಿಸೋ ಟಾಪಿಕ್ ಗೈಡ್, ಎಲ್ಲ ವಿವರ ಪಟ್ಟಿ ಮಾಡಿರೋ ರೆಫರೆನ್ಸ್, ಒಂದು ನಿರ್ದಿಷ್ಟ ಕೆಲಸ ಮಾಡೋದು ಹೇಗೆ ಅನ್ನೋ ಹೌ-ಟು. ನಮ್ಮ ನಾಲ್ಕು ಸಾಲು ಈ ಕೊನೆಯ ಜಾತಿಯದ್ದು. ಗ್ರೂಪು, ಪ್ರೋಸೆಸ್ಸು ಅಂತ ನಾವು ಮೇಲೆ ಕೊಟ್ಟ ಭಾಷಣ ಅಲ್ಲಿಗೆ ಯಾಕೆ ಹೋಗಲಿಲ್ಲ ಅಂತ ಈಗ ಗೊತ್ತಾಗಿರಬೇಕು.

ಇಷ್ಟು ಹೇಳಿ, "ಬನ್ನಿ, ಎಲ್ಲರೂ ರೀಡ್‌ಮಿ ತಿದ್ದೋಣ" ಅಂತ ಮುಗಿಸಬಹುದಿತ್ತು. ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಅದನ್ನು ನಮ್ಮಂಥ ಇಂಜಿನಿಯರಿಂಗ್ ಹುಡುಗರೇ ಹೇಳಬೇಕು.

ಹ್ಯಾಕ್ಟೋಬರ್‌ಫೆಸ್ಟ್ ನಿಮಗೆ ಗೊತ್ತಿರುತ್ತೆ. 2014ರಲ್ಲಿ ಡಿಜಿಟಲ್‌ಓಷನ್ ಕಂಪನಿ ಶುರು ಮಾಡಿದ್ದು. ಅಕ್ಟೋಬರಿನಲ್ಲಿ ಇಂತಿಷ್ಟು ಪುಲ್ ರಿಕ್ವೆಸ್ಟ್ ಕಳಿಸಿದರೆ ಆಗ ಟೀ ಶರ್ಟ್ ಸಿಗ್ತಿತ್ತು. 2020ರಲ್ಲಿ ಏನಾಯ್ತು ಅಂದರೆ, ಟೀ ಶರ್ಟಿಗೋಸ್ಕರ ಯಾವುದೋ ಪ್ರಾಜೆಕ್ಟಿನ ರೀಡ್‌ಮಿಗೆ ‘ಅಮೇಜಿಂಗ್ ಪ್ರಾಜೆಕ್ಟ್’ ಅಂತ ಎರಡು ಪದ ಸೇರಿಸಿ ಕಳಿಸಿದವರ ಪ್ರವಾಹ. ಅದರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳದ್ದೂ ದೊಡ್ಡ ಪಾಲಿತ್ತು. ಮೇಂಟೇನರ್‌ಗಳು ಒಂದೊಂದನ್ನೇ ತೆರೆದು, ಓದಿ, ಮುಚ್ಚಬೇಕಾಯ್ತು. ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಾಗಿ, ಒಪ್ಪಿಕೊಂಡ ಪ್ರಾಜೆಕ್ಟುಗಳು ಮಾತ್ರ ಲೆಕ್ಕಕ್ಕೆ ಅಂತ ಆಯ್ತು. ಆಮೇಲೆ ಎಕ್ಸ್‌ಪ್ರೆಸ್ ಅನ್ನೋ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿಗೂ ಇದೇ ಗತಿ. ಟ್ಯುಟೋರಿಯಲ್ ನೋಡಿ ಕಲಿಯೋವರು ಅದರ ರೀಡ್‌ಮಿಗೆ ತಮ್ಮ ಹೆಸರು ಸೇರಿಸಿ ಪುಲ್ ರಿಕ್ವೆಸ್ಟ್ ಕಳಿಸಿದರು.

ಹೊರಗಿಂದ ನೋಡಿದರೆ ಆ ಎರಡು ಪದಕ್ಕೂ ನಮ್ಮ ನಾಲ್ಕು ಸಾಲಿಗೂ ವ್ಯತ್ಯಾಸ ಇಲ್ಲ. ಎರಡೂ ಡಾಕ್ಯುಮೆಂಟೇಶನ್, ಎರಡೂ ಪುಟ್ಟದು, ಎರಡಕ್ಕೂ ಒಂದೇ ಹಸಿರು ಚೌಕ. ಮೇಂಟೇನರ್‌ಗೆ ಮಾತ್ರ ಎರಡಕ್ಕೂ ಒಂದಷ್ಟು ಸಮಯ ಹೋಗುತ್ತೆ, ಅದೂ ಬಹಳಷ್ಟು ಸಲ ಸಂಬಳವಿಲ್ಲದ ಸಮಯ. ಆ ಸಮಯ ತಗೊಂಡು ನಾವು ಏನು ಕೊಟ್ಟೆವು ಅನ್ನೋದೇ ಲೆಕ್ಕ. ಹಾಗಾಗಿ ನಮ್ಮ ನಾಲ್ವರಲ್ಲಿ ಈಗ ಒಂದು ನಿಯಮ ಇದೆ. ನಿಜವಾಗಿ ಸಿಕ್ಕಿಹಾಕಿಕೊಂಡ ಜಾಗದಲ್ಲಿ ಮಾತ್ರ ಬರೆಯೋದು. ತಿದ್ದೋಕೆ ಏನಾದರೂ ಸಿಗುತ್ತಾ ಅಂತ ಹುಡುಕಿಕೊಂಡು ಹೋಗಲ್ಲ. ಕಾಮಾ ಜಾಗ ಬದಲಿಸೋಕೂ ಹೋಗಲ್ಲ. ಕಳಿಸೋ ಮೊದಲು ಆ ಹಂತವನ್ನು ಇನ್ನೊಂದು ಸಲ ಮೊದಲಿಂದ ಮಾಡಿ ನೋಡ್ತೀವಿ. ಎಐ ಹತ್ತಿರ ಬರೆಸಿದ ಪ್ಯಾರಾ ಕಳಿಸಲ್ಲ, ಯಾಕಂದರೆ ಅದು ಎಲ್ಲೂ ಸಿಕ್ಕಿಹಾಕಿಕೊಂಡಿಲ್ಲ.

ಈ ನಿಯಮದ ಪ್ರಕಾರ ಇಡೀ ಸೆಮಿಸ್ಟರಿಗೆ ನಮ್ಮದು ಒಟ್ಟು ಮೂರು ಪುಲ್ ರಿಕ್ವೆಸ್ಟ್. ಎರಡು ಮರ್ಜ್ ಆಗಿವೆ, ಮೂರನೆಯದು ಇನ್ನೂ ಕಾಯ್ತಾ ಇದೆ. ಪ್ಲೇಸ್‌ಮೆಂಟಿಗೆ ಇದರಿಂದ ಏನಾಗುತ್ತೋ ನೋಡಬೇಕು. ರೆಸ್ಯೂಮಿನಲ್ಲಿ ಒಂದೂವರೆ ಸಾಲು ಆಗಬಹುದು.

ನಮಗೆ ಇದರಲ್ಲಿ ದೊಡ್ಡದು ಅನ್ನಿಸಿದ್ದು ಬೇರೆ. ಮ್ಯಾನ್ಯುಯಲ್‌ನಲ್ಲಿ ಒಂದು ವಾಕ್ಯ ಇಲ್ಲದಿದ್ದರೆ ಓದೋವನು ಮ್ಯಾನ್ಯುಯಲ್ಲನ್ನು ಬೈಯಲ್ಲ, ತನ್ನನ್ನೇ ಬೈದುಕೊಳ್ತಾನೆ. ಅದರಲ್ಲೂ ಭಾಷೆಯ ಬಗ್ಗೆ ಮೊದಲೇ ಅಳುಕು ಇರೋವನು, ಇದು ನನ್ನ ಇಂಗ್ಲಿಷಿನ ಸಮಸ್ಯೆ, ನನ್ನ ಬ್ಯಾಕ್‌ಗ್ರೌಂಡಿನ ಸಮಸ್ಯೆ ಅಂತ ತೀರ್ಮಾನ ಮಾಡಿ ಎದ್ದು ಹೋಗ್ತಾನೆ. ನಮ್ಮ ಗೆಳೆಯ ವೈರಿಂಗ್‌ಗೇ ಸೀಮಿತ ಆಗಿಬಿಡ್ತಿದ್ದ, ಕರೆಂಟ್ ಹೋಗದಿದ್ದರೆ. ಹಾಗೆ ಎದ್ದುಹೋದವರು ಎಷ್ಟು ಜನ ಅಂತ ಯಾವ ಸಮೀಕ್ಷೆಯೂ ಎಣಿಸೋಕೆ ಆಗಲ್ಲ, ಯಾಕಂದರೆ ಅವರು ಎಲ್ಲೂ ದೂರು ಬರೆದಿರಲ್ಲ. ಮೂರನೇ ಪುಲ್ ರಿಕ್ವೆಸ್ಟ್, ಅದೇ ಕಾಯ್ತಾ ಇರೋದು, ಅವನೇ ಬರೆದದ್ದು. ಇಂಗ್ಲಿಷ್ ನಾವು ತಿದ್ದಲಿಲ್ಲ. ತಿದ್ದೋ ಅಗತ್ಯ ಬರಲಿಲ್ಲ, ಎಲ್ಲ ಆರೇಳು ಪದದ ವಾಕ್ಯಗಳು.

ಆದ್ದರಿಂದ ಓದ್ತಾ ಇರೋ ನಿಮ್ಮ ಹತ್ತಿರ ಒಂದೇ ಕೋರಿಕೆ. ಮುಂದಿನ ಸಲ ಯಾವುದಾದರೂ ಇನ್‌ಸ್ಟಾಲೇಷನ್ನಿನಲ್ಲಿ, ಯಾವುದಾದರೂ ಎರರ್‌ನಲ್ಲಿ ಎರಡು ಗಂಟೆ ಕಳೆದು ಕೊನೆಗೆ ದಾರಿ ಸಿಕ್ಕಾಗ, ಖುಷಿಯಲ್ಲಿ ಟ್ಯಾಬ್ ಮುಚ್ಚೋ ಮೊದಲು, ಫೋನಿನಲ್ಲಿ ಎರಡು ಸಾಲು ಬರೆದಿಟ್ಟುಕೊಳ್ಳಿ. ಎಲ್ಲಿ ನಿಂತಿರಿ, ಏನು ತಿಳಿದಿದ್ದರೆ ನಿಲ್ತಾ ಇರಲಿಲ್ಲ. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ. ಬುಧವಾರ ಲ್ಯಾಬ್ ಮುಗಿದ ಮೇಲೆ ನಾವು ಕ್ಯಾಂಟೀನ್ ಹಿಂದಿನ ಕಟ್ಟೆಯಲ್ಲಿ ಇರ್ತೀವಿ, ತಗೊಂಡು ಬನ್ನಿ. ಇಂಗ್ಲಿಷಿಗೆ ತರೋದು, ಕಳಿಸೋದು ಎಲ್ಲ ಒಟ್ಟಿಗೆ ಮಾಡೋಣ. ಟೀ ಶರ್ಟ್ ಸಿಗಲ್ಲ. ಟೀ ನಮ್ಮ ಕಡೆಯಿಂದ.